ಕತ್ತಲೆ ನೋಡಲು ಬಂದ ಸಾಹೇಬರು

ನಮ್ಮೂರು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಊರು ದೊಡ್ಡದೇನಲ್ಲ, ಆದರೂ ಅದಕ್ಕೊಂದು ಮುನಸಿಪಾಲ್ಟಿ ಇದೆ. ನಮ್ಮದು ಹಗೇವಿನ ಓಣಿ. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡಲು ತೋಡಿದ ಆಳವಾದ ಕುಣಿ. ನಮ್ಮ ಮುತ್ತಜ್ಜನ ಕಾಲದಲ್ಲಿ ಓಣಿಯವರೆಲ್ಲ ಕೂಡಿ ತೋಡಿದ ಹಗೇವೊಂದು ನಮ್ಮ ಮನೆಯ ಗೋಡೆಗೆ ಹತ್ತಿಯೇ ಇದೆ. ಈಗ ಅದರೊಳಗೆ ಜೋಳವಿಲ್ಲ. ಅದರ ಬಾಯಿಗೆ ಮುಚ್ಚಿದ ಬಂಡೆಗಲ್ಲು ಮಾತ್ರ ಓಣಿಯ ತಿರುವಿನಲ್ಲಿ ಗೇಣುದ್ದ ಮೇಲೆದ್ದು ಕುಳಿತಿದೆ. ಕಿತ್ತರೆ ದಾರಿಯೇ ಕುಸಿದೀತೆಂದು ಯಾರೂ ಅದಕ್ಕೆ ಕೈ ಹಚ್ಚಿಲ್ಲ. ಹಗಲಿನಲ್ಲಿ ಅದರ ಮೇಲೆ ಆಡುಗಳು ಮಲಗುತ್ತವೆ, ಮುದುಕರು ಬಿಸಿಲು ಕಾಯಿಸಿಕೊಳ್ಳುತ್ತಾರೆ. ಕತ್ತಲಾದ ಮೇಲೆ ಅದು ಎಡವುವ ಕಲ್ಲು.

ಆ ಕಲ್ಲಿನ ಎದುರಿಗೆ ನಮ್ಮ ಹೊರಗೋಡೆಯಲ್ಲಿ ಒಂದು ಮಾಡವಿದೆ. ಒಂದು ಹಣತೆ ಹಿಡಿಯುವಷ್ಟು ಜಾಗ. ನನ್ನ ಮನೆಯಾಕೆ ಸಿದ್ದವ್ವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅದರಿಂದಲೇ ಇನ್ನೊಂದು ಹಣತೆ ಹಚ್ಚಿ, ಗಾಳಿಗೆ ಸೆರಗು ಮರೆ ಹಿಡಿದು ಹೊರಗೆ ತಂದು ಆ ಮಾಡದಲ್ಲಿ ಇಡುತ್ತಿದ್ದಳು. ಕುಸುಬಿ ಎಣ್ಣೆ ತುಟ್ಟಿಯಾದ ವರ್ಷವೂ ಬಿಡಲಿಲ್ಲ. ಒಮ್ಮೆ ನಾನು, "ದೇವರ ಮುಂದ ಒಂದು ಐತೆಲ್ಲ, ಸಾಲದೇನು?" ಎಂದೆ.

"ದೇವರಿಗೆ ಕತ್ತಲ್ಯಾಗೂ ಕಾಣತೈತಿ. ದಾರಿ ನಡಿಯಾವರಿಗೆ ಕಾಣಬೇಕಲ್ಲ," ಎಂದಳು.

ಓಣಿಯ ಕೊನೆಗೆ ಸಣ್ಣವ್ವ ಎಂಬ ಹೆಣ್ಣುಮಗಳ ಗುಡಿಸಲಿದೆ. ಪೇಟೆಯ ಅಡತಿ ಅಂಗಡಿಯಲ್ಲಿ ಕಾಳು ಹಸನು ಮಾಡುವುದು ಅವಳ ಕೆಲಸ. ಅಂಗಡಿ ಮುಚ್ಚಿದ ಮೇಲೆ ಬರುವವಳು. ಬರುವ ಹೊತ್ತಿಗೆ ಓಣಿಯವರ ಊಟವಾಗಿ ಬಾಗಿಲು ಮುಂದೆ ಮಾಡಿರುತ್ತಿದ್ದರು. ನಮ್ಮ ಮಾಡದ ಮುಂದೆ ಬಂದಾಗ ಅವಳು ನಿಲ್ಲದೆಯೇ, "ಬಂದೆನ್ರೀ ಅವ್ವಾರ," ಎಂದು ಕೂಗುತ್ತಿದ್ದಳು. ಒಲೆಯ ಮುಂದಿನಿಂದ ಸಿದ್ದವ್ವ, "ಹೂಂ, ಕಲ್ಲು ನೋಡಿಕೊಂಡು ಹೋಗವಾ," ಎನ್ನುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆ ಎರಡು ಮಾತು ಮುಗಿದ ಮೇಲೆ ನಮ್ಮ ಮನೆಯ ಅಗಳಿ ಬೀಳುತ್ತಿತ್ತು.

ಹೊಸ ಪೈಸೆ ಬಂದ ವರ್ಷ, ಪುಷ್ಯ ಮಾಸದ ಚಳಿಯಲ್ಲಿ ಸಿದ್ದವ್ವ ಲಿಂಗೈಕ್ಯಳಾದಳು. ಜ್ವರ ಬಂದು ಮಲಗಿದವಳು ಏಳಲಿಲ್ಲ. ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದುಕೊಂಡೇ ಹೋದಳು. ಇಂಥ ಮರಣ ಬೇಡಿದರೂ ಸಿಗುವುದಿಲ್ಲ ಎಂದು ಮಠದ ಅಯ್ಯನವರು ಹೇಳಿದರು. ಶಿವನು ಕೊಟ್ಟದ್ದನ್ನು ಶಿವನು ತೆಗೆದುಕೊಂಡ. ಅದು ನನಗೂ ತಿಳಿಯುತ್ತದೆ. ತಿಳಿದದ್ದು ಎದೆಗೆ ಇಳಿಯಲು ಹೊತ್ತು ಬೇಕು.

ಮಣ್ಣು ಕೊಟ್ಟು ಬಂದ ಕೆಲ ದಿನಗಳ ಮೇಲೆ ಒಂದು ಸಂಜೆ ಸೊಸೆ ಕಳಕವ್ವ ಹಣತೆ ಹಚ್ಚಿಕೊಂಡು ಹೊರಗೆ ಹೊರಟಳು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಆ ಕೈ, ಆ ಸೆರಗಿನ ಮರೆ, ಎಲ್ಲ ಅದೇ ಇತ್ತು, ಅವಳು ಮಾತ್ರ ಬೇರೆ. "ಅದು ಇರಲಿ ಬಿಡವಾ," ಎಂದೆ. ಕಳಕವ್ವ ಒಳಗೆ ಹೋದಳು. ಅಂದಿನಿಂದ ಮಾಡದಲ್ಲಿ ದೀಪವಿಲ್ಲ.

ಫಾಲ್ಗುಣದಲ್ಲಿ ಒಂದು ಮುಂಜಾನೆ ಎದುರುಮನೆಯ ನೀಲವ್ವ ಸಣ್ಣವ್ವನ ರಟ್ಟೆ ಹಿಡಿದು ನಮ್ಮ ಕಟ್ಟೆಗೆ ಕರೆತಂದಳು. ನೀಲವ್ವ ಸಿದ್ದವ್ವನ ಓರಿಗೆಯವಳು. ಅವಳ ಬಾಯಿಗೆ ಓಣಿಯಲ್ಲಿ ಹೆದರದವರಿಲ್ಲ. ಕಷ್ಟ ಬಂದಾಗ ಮೊದಲು ಬಾಗಿಲು ಬಡಿಯುವವಳೂ ಅವಳೇ. ಸಣ್ಣವ್ವನ ಮೊಣಕಾಲಿಗೆ ಅರಿಷಿಣ ಮೆತ್ತಿದ ಬಟ್ಟೆ ಕಟ್ಟಿತ್ತು.

"ಅಣ್ಣಾರ, ನಿಮ್ಮ ಕಲ್ಲು ಈಕಿನ್ನ ಕೆಡವೈತಿ ನೋಡ್ರಿ," ಎಂದಳು ನೀಲವ್ವ.

"ನನ್ನ ಕಲ್ಲಲ್ಲವಾ. ಅದು ಓಣಿ ಕಲ್ಲು."

"ಎಡವಿ ಬಿದ್ದಾಗ ಓಣಿದು. ಬಿಸಲ ಕಾಸೂ ಮುಂದ ನಿಮ್ಮದು."

ಸಣ್ಣವ್ವ ತಲೆ ತಗ್ಗಿಸಿ, "ನಾ ಏನೂ ಅನ್ನಾಕ ಬಂದಿಲ್ರಿ ಅಪ್ಪಾರ. ಈ ಅವ್ವಾರ ಎಳಕೊಂಡು ಬಂದಾರ," ಎಂದಳು.

"ನೀ ಅನ್ನೂದಿಲ್ಲ, ಅದಕ್ಕ ನಾ ಅನ್ನಾಕ ಬಂದೇನಿ. ಎರಡು ಜೀವದಾಕಿ ಅಣ್ಣಾರ ಈಕಿ. ಹಿಂದ ಎರಡು ಸಲ ಹೊಟ್ಟೀವು ಕಳಕೊಂಡಾಳ. ನಿನ್ನೆ ಮೊಣಕಾಲ ಮ್ಯಾಲ ಬಿದ್ದಾಳ, ಶಿವ ಕಾಯ್ದ. ನಾಳೆ ಹೆಂಗ ಬೀಳತಾಳೋ ಯಾರಿಗೆ ಗೊತ್ತು. ಕೆಲಸ ಬಿಡಂದ್ರ ಹೊಟ್ಟಿಗೇನು ಮಾಡಬೇಕು?"

ಹೀಗೆಂದು ನೀಲವ್ವ ಮಾಡದ ಕಡೆಗೆ ನೋಡಿದಳು. ನನ್ನ ಕಡೆಗೂ ನೋಡಿದಳು. ಅವಳ ಬಾಯಿಗೆ ಬಂದ ಮಾತು ಹೊರಗೆ ಬಾರದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಸೆರಗು ಸರಿ ಮಾಡಿಕೊಂಡು, "ಮುನಸಿಪಾಲ್ಟಿಗೆ ಒಂದು ಅರ್ಜಿ ಬರೀರಿ. ಕರಾ ಅಂತೂ ಬಿಡೂದಿಲ್ಲ ಅವ್ರು. ಒಂದು ದೀಪದ ಕಂಬ ಕೊಡೂದಿಲ್ಲಂತೇನು?" ಎಂದಳು.

ಆ ಮಾತು ನನಗೆ ಹಿಡಿಸಿತು. ಕಲ್ಲಿನ ಮಗ್ಗುಲಿಗೆ ಒಂದು ಕಂಬ ನಿಂತರೆ ಸಣ್ಣವ್ವನಿಗೆ ದಾರಿ ಕಾಣುತ್ತದೆ. ಮಾಡದಲ್ಲಿ ದೀಪ ಏಕಿಲ್ಲ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಅಂದೇ ಮಧ್ಯಾಹ್ನ ಅರ್ಜಿ ಬರೆದೆ. ಕನ್ನಡ ಸಾಲೆಯಲ್ಲಿ ಕಲಿತ ಒಳ್ಳೊಳ್ಳೆಯ ಶಬ್ದಗಳನ್ನೆಲ್ಲ ಹಾಕಿದೆ. "ಸದರಿ ಓಣಿಯು ಸೂರ್ಯಾಸ್ತವಾದೊಡನೆ ಗಾಢಾಂಧಕಾರದಲ್ಲಿ ಮುಳುಗುವುದರಿಂದ" ಎಂಬ ಸಾಲನ್ನು ಓದಿ ಹೇಳಿದಾಗ ಓಣಿಯವರಿಗೆ ಬಹಳ ಸಂತೋಷವಾಯಿತು. ಸಹಿ ಬಲ್ಲವರು ಸಹಿ ಮಾಡಿದರು, ಬಾರದವರು ಹೆಬ್ಬೆಟ್ಟು ಒತ್ತಿದರು.

ನಮ್ಮ ಓಣಿಯ ಮೆಂಬರ ಪ್ರಭುಲಿಂಗಪ್ಪನಿಗೆ ಪೇಟೆಯಲ್ಲಿ ಅರಿವೆ ಅಂಗಡಿ. ಅರ್ಜಿಯನ್ನು ಅಲ್ಲಿಗೇ ಒಯ್ದು ಕೊಟ್ಟೆ. ಆತ ಗಾದಿಯ ಮೇಲೆ ಕುಳಿತು, ಕನ್ನಡಕ ಏರಿಸಿ ಓದಿ, ಮೀಸೆಯೊಳಗೆ ನಕ್ಕ.

"ಕಾಕಾರ, ಗಾಢಾಂಧಕಾರ ಅಂತ ಬರದೀರಿ. ಅಷ್ಟು ಕತ್ತಲಿ ಐತೇನ್ರಿ ನಮ್ಮ ಓಣ್ಯಾಗ?"

"ಬಂದು ನೋಡಪಾ. ಓಣಿಗೆ ವೋಟು ಕೇಳಾಕ ಹಗಲಹೊತ್ತು ಬಂದಿದ್ದಿ, ನಿನಗ ಹೆಂಗ ಗೊತ್ತಾಗಬೇಕು?"

"ಹೊಡೀರಿ, ಹೊಡೀರಿ. ಹಿರ್ಯಾರ ಕೈ." ಆತ ಅರ್ಜಿಯನ್ನು ಮಡಿಚಿ ಕಿಸೆಯಲ್ಲಿಟ್ಟ. "ಖರೇ ಹೇಳತೀನ್ರಿ. ಈ ವರ್ಷ ಒಂದ ಕಂಬ ಉಳದೈತಿ. ಕುಂಬಾರ ಓಣ್ಯಾವರೂ ಕೇಳ್ಯಾರ. ಓವರಸೀಯರ ಸಾಹೇಬ್ರು ಎರಡೂ ಓಣಿಗೆ ಕತ್ತಲಾದ ಮ್ಯಾಲ ತಾವ ಬಂದು ನೋಡತಾರಂತ. ಎಲ್ಲಿ ಕತ್ತಲಿ ಹೆಚ್ಚು, ಅಲ್ಲಿ ಕಂಬ."

"ಯಾವಾಗ ಬರತಾರ?"

"ಅಮಾಸಿ ಮುಂದಿನ ಸೋಮವಾರ. ಚಂದ್ರಾಮ ಇದ್ದಾಗ ನೋಡಿದ್ರ ಕತ್ತಲಿ ಹ್ಯಾಂಗ ಕಾಣಬೇಕ್ರಿ?"

ನಾನು ಮನೆಗೆ ಬಂದು ನೀಲವ್ವನಿಗೆ ಸುದ್ದಿ ಹೇಳಿದೆ. ಅವಳಿಗೆ ಹೇಳಿದರೆ ಓಣಿಗೆ ಡಂಗುರ ಸಾರಿದ ಹಾಗೆಯೇ. ಸೋಮವಾರ ಮುಂಜಾನೆಯಿಂದ ಹೆಣ್ಣುಮಕ್ಕಳು ಓಣಿ ಗುಡಿಸಿ, ಸಗಣಿ ನೀರು ಚಳೆ ಹೊಡೆದು, ಬಾಗಿಲಿಗೆಲ್ಲ ರಂಗೋಲಿ ಹಾಕಿದರು. ಆಡುಗಳನ್ನು ಹಿತ್ತಲಿಗೆ ಕಟ್ಟಿದರು. ಒಳ್ಳೆಯದೇ ಆಯಿತೆಂದು ನಾನು ಸಂಜೆ ಪೂಜೆಗೆ ಕುಳಿತೆ. ಸೋಮವಾರದ ಪೂಜೆ, ಸ್ವಲ್ಪ ಹೊತ್ತೇ ಹಿಡಿಯಿತು. ಮುಗಿಸಿ, ವಿಭೂತಿ ಒಣಗುವ ಮೊದಲೇ ಹೊರಗೆ ಬಂದು ನೋಡುತ್ತೇನೆ, ಓಣಿಯ ತುಂಬ ದೀಪ.

ನಮ್ಮ ಮಾಡವೊಂದನ್ನು ಬಿಟ್ಟು ಎಲ್ಲರ ಮಾಡಗಳಲ್ಲಿ, ಹೊಸ್ತಿಲ ಎರಡೂ ಬದಿಗೆ, ಕಟ್ಟೆಗಳ ಮೇಲೆ ಹಣತೆಗಳು ಉರಿಯುತ್ತಿದ್ದವು. ಮದುವೆಗಳಿಗೆ ಗ್ಯಾಸಬತ್ತಿ ಬಾಡಿಗೆ ಕೊಡುವ ಉಡಚಪ್ಪ ತನ್ನಲ್ಲಿದ್ದ ಒಳ್ಳೆಯ ಗ್ಯಾಸಬತ್ತಿಯನ್ನು ಪುಕ್ಕಟೆ ತಂದು ಬೇವಿನ ಕೊಂಬೆಗೆ ತೂಗುಹಾಕಿ, ಗಾಳಿ ಹೊಡೆಯುತ್ತ ನಿಂತಿದ್ದ. ಕಲ್ಲಿನ ಮೇಲೆ ಹರಿಯುವ ಇರುವೆಯೂ ಕಾಣುವಂತಿತ್ತು.

"ಏನಿದು?" ಎಂದೆ.

"ಚಲೋ ಕಾಣಸ್ತೈತಿಲ್ರಿ?" ಎಂದಳು ನೀಲವ್ವ. ಇಳಕಲ್ಲ ಸೀರೆ ಉಟ್ಟಿದ್ದಳು.

"ನೀಲವ್ವ, ಸಾಹೇಬ್ರು ಬರೂದು ಕತ್ತಲಿ ನೋಡಾಕ."

"ಗೊತ್ತೈತ್ರಿ. ಅಷ್ಟು ದೊಡ್ಡ ಮನಶ್ಯಾ ದೀಪ ಹಚ್ಚೂ ಹೊತ್ತಿನಾಗ ನಮ್ಮ ಓಣಿಗೆ ಬರಾಕ ಹತ್ಯಾನ. ಬಾಗಲಾಗ ಕತ್ತಲಿ ಇಟಗೊಂಡು ಬರ್ರಿ ಅನ್ನಬೇಕೇನು? ನಮ್ಮವ್ವ ನಮ್ಮಪ್ಪ ಹಂಗ ಕಲಿಸಿಲ್ಲ."

"ಹಂಗಾದ್ರ ಅವ್ರು ಏನು ನೋಡಬೇಕು?"

"ಮೊದಲ ಬಂದು ಕೂಡಲಿ. ಕೈಕಾಲು ತೊಳಕೊಂಡು ಚಾ ಕುಡೀಲಿ. ಕತ್ತಲಿ ಎಲ್ಲಿ ಓಡಿ ಹೊಕ್ಕೈತಿ? ಆಮ್ಯಾಲ ನೋಡಲಿ."

"ಲಗೂ ಶಾಂತ ಮಾಡ್ರಿ ಇವನ್ನ."

ಓಣಿಯ ಹೆಣ್ಣುಮಕ್ಕಳೆಲ್ಲ ನನ್ನ ಕಡೆ ತಿರುಗಿ ನೋಡಿದರು. ನೀಲವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಯಾರು ಮಾಡಬೇಕು? ಇವತ್ತ ಸೋಮವಾರ, ಲಕ್ಷ್ಮಿ ಒಳಗ ಬರೂ ಹೊತ್ತು. ಹಚ್ಚಿದ ದೀಪ ಈಗ ಶಾಂತ ಮಾಡಂತ ಮೂರು ಹೊತ್ತು ಪೂಜಾ ಮಾಡೂ ನೀವು ಹೇಳತೀರಿ. ಬರ್ರಿ, ನೀವ ಕೈ ಹಚ್ಚರಿ. ನಾವು ನೋಡತೀವಿ."

ನಾನು ಹತ್ತಿರದ ಹಣತೆಯ ಮುಂದೆ ಹೋಗಿ ನಿಂತೆ. ಜ್ಯೋತಿ ನೆಟ್ಟಗೆ ನಿಂತು ಉರಿಯುತ್ತಿತ್ತು. ಕೈ ಏಳಲಿಲ್ಲ. ಹೋದವನು ಒಂದು ನಮಸ್ಕಾರ ಹಾಕಿ ತಿರುಗಿ ಬಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಮುಂದೆ ಕಂದೀಲು ಹಿಡಿದ ಬಾಬುಸಾಬ, ಹಿಂದೆ ಪ್ರಭುಲಿಂಗಪ್ಪ, ನಡುವೆ ಓವರಸೀಯರ ಸಾಹೇಬರು. ಬಾಬುಸಾಬ ಊರ ದೀಪದ ಕಂಬಗಳಿಗೆ ಎಣ್ಣೆ ಹಾಕಿ ಹಚ್ಚುವ ಮುನಸಿಪಾಲ್ಟಿಯ ನೌಕರ. ತಿರುವಿಗೆ ಬಂದೊಡನೆ ಆತ ತನ್ನ ಕಂದೀಲನ್ನೊಮ್ಮೆ, ನಮ್ಮ ಓಣಿಯನ್ನೊಮ್ಮೆ ನೋಡಿ ಹಿಂದೆ ಸರಿದು ನಿಂತ.

ಸಾಹೇಬರು ಧಾರವಾಡದ ಕಡೆಯವರು. ತೆಳ್ಳಗಿನ ಮನುಷ್ಯ, ತಲೆಗೆ ಕರಿ ಟೊಪಿಗೆ. ಗ್ಯಾಸಬತ್ತಿಯ ಬೆಳಕಿಗೆ ಕಣ್ಣು ಕಿರಿದು ಮಾಡಿ, "ಹಗೇವಿನ ಓಣಿ ಅಂದ್ರ ಇದ ಹೌದಲ್ಲ ಪ್ರಭುಲಿಂಗಪ್ಪನವರ?" ಎಂದರು.

"ಇದರೀ."

"ಗಾಢಾಂಧಕಾರ ಅಂತ ಬರದದ. ಇಲ್ಲಿ ಸೂಜಿ ಬಿದ್ರ ಹುಡುಕಿ ದಾರ ಪೋಣಿಸಬಹುದು."

ಪ್ರಭುಲಿಂಗಪ್ಪ ನನ್ನ ಕಿವಿಯ ಹತ್ತಿರ ಬಂದು, "ಕಾಕಾರ, ಕುಂಬಾರ ಓಣ್ಯಾವರು ಜಾಣರದಾರ್ರಿ. ಒಲಿನೂ ಮುಚ್ಚಿ, ಉಸರು ಹಿಡದು ಕುಂತಿದ್ರು," ಎಂದ.

ನೀಲವ್ವ ಮುಂದೆ ಬಂದಳು. "ಸಾಹೇಬ್ರ, ಇವು ನಿಮ್ಮ ಸಲವಾಗಿ ಹಚ್ಚಿದ್ದರೀ. ದಿನಾ ಇರೂದಿಲ್ರಿ."

"ನನ್ನ ಸಲವಾಗಿ? ನಾ ಬಂದದ್ದು ಕತ್ತಲಿ ನೋಡಲಿಕ್ಕೆ ತಾಯಿ."

"ನೋಡೂದು ಇದ್ದದ್ದರೀ. ಮೊದಲ ಕೂಡ್ರಿ."

ಸಾಹೇಬರನ್ನು ನಮ್ಮ ಕಟ್ಟೆಯ ಮೇಲೆ ಜಮಖಾನೆ ಹಾಸಿ ಕೂಡ್ರಿಸಿದರು. ಅವರು ಮೆಟ್ಟುಗಳನ್ನು ಕೆಳಗೆ ಬಿಟ್ಟು ಕಾಲು ಮಡಚಿ ಕುಳಿತರು. ಕಳಕವ್ವ ಚುರಮರಿ ಸೂಸಲ ಮಾಡಿ ತಂದಳು, ಚಹಾ ತಂದಳು. ಕುಂಬಾರ ಓಣಿಗೆ ಕಂಬ ಹೋದದ್ದು ನಿಶ್ಚಯವಾಯಿತೆಂದು ನಾನು ಒಳಗೊಳಗೆ ಕುದಿಯುತ್ತಿದ್ದೆ. ಸಣ್ಣವ್ವ ಇನ್ನೂ ಪೇಟೆಯಿಂದ ಬಂದಿರಲಿಲ್ಲ. ಅವಳ ಸಲುವಾಗಿ ಇಷ್ಟೆಲ್ಲ ನಡೆದದ್ದು. ಅವಳು ಬರುವ ಹೊತ್ತಿಗೆ ಈ ಸಾಹೇಬರು ಮನೆ ಸೇರಿರುತ್ತಾರೆ.

ಸಾಹೇಬರು ಬಸಿಯಲ್ಲಿ ಚಹಾ ಆರಿಸುತ್ತ ಸುತ್ತ ನೋಡಿ, ನಮ್ಮ ಗೋಡೆಯ ಕಡೆ ಬೆರಳು ಮಾಡಿದರು. "ಎಲ್ಲಾರ ಮನೀ ಮುಂದ ದೀಪ ಅದ. ಈ ಒಂದು ಮಾಡದಾಗ ಯಾಕ ಇಲ್ಲ?"

ಉಡಚಪ್ಪ ಗಾಳಿ ಹೊಡೆಯುವುದನ್ನು ನಿಲ್ಲಿಸಿದ. ನಾನು ನನ್ನ ಕೈಗಳನ್ನು ನೋಡಿಕೊಳ್ಳುತ್ತ ಕುಳಿತೆ. ಕೊನೆಗೆ ಪ್ರಭುಲಿಂಗಪ್ಪ ಧ್ವನಿ ತಗ್ಗಿಸಿ, "ಅದು ಕಾಕಾರ ಮನಿಯವರದರೀ. ದಿನಾ ಅವರ ಇಡತಿದ್ರು. ಪುಷ್ಯದಾಗ ಹೋದ್ರು," ಎಂದ.

ಸಾಹೇಬರು ಏಳುವ ಹವಣಿಕೆಯಲ್ಲಿದ್ದವರು ಮತ್ತೆ ಗೋಡೆಗೆ ಆತುಕೊಂಡರು. ಬರಿದಾದ ಬಸಿಯನ್ನು ಕಳಕವ್ವನ ಕಡೆ ಸರಿಸಿ, "ಇನ್ನೊಂದು ಅರ್ಧ ಕಪ್ಪು ಸಿಗತದೇನವಾ?" ಎಂದರು.

ಆ ಅರ್ಧ ಕಪ್ಪು ಚಹಾ ನಮ್ಮನ್ನು ಉಳಿಸಿತು. ಚಹಾ ಆಯಿತು, ಎಲೆ ಅಡಿಕೆ ಆಯಿತು. ಸಾಹೇಬರು ಹಗೇವಿನ ಕಥೆ ಕೇಳಿದರು, ಅಬ್ಬಿಗೇರಿಯ ಕಡೆಯ ಎರೆಹೊಲದ ಕಡಲೆ ಈ ಸಲ ಹೇಗೆ ಬಂತೆಂದು ಕೇಳಿದರು. ನಮ್ಮ ಓಣಿಯವರು ಉಳ್ಳವರಲ್ಲ. ಮರ್ಯಾದೆಗೆಂದು ಎಲ್ಲರೂ ದೀಪ ಹಚ್ಚಿದ್ದರು. ಎಣ್ಣೆಯನ್ನು ಮಾತ್ರ ಸಾಹೇಬರು ಬಂದು ಹೋಗುವಷ್ಟೇ ಹಾಕಿದ್ದರು. ಮಾತಿನ ನಡುವೆ ಮೂಲೆಮನೆಯ ಹಣತೆ ಚಿಟಿಚಿಟಿ ಎಂದು ತಾನೇ ಶಾಂತವಾಯಿತು. ಅದರ ಹಿಂದೆ ಮತ್ತೊಂದು. ಎಣ್ಣೆ ಹಾಕಲು ಎದ್ದವಳೊಬ್ಬಳನ್ನು ನೀಲವ್ವ ಸೀರೆ ಜಗ್ಗಿ ಕೂಡ್ರಿಸಿದಳು. ತಾವೇ ಶಾಂತವಾದ ದೀಪಗಳಿಗೆ ಯಾರದೂ ದೋಷವಿಲ್ಲ. ಗ್ಯಾಸಬತ್ತಿ ಕೆಂಪಗಾಗಿ, ಸುಯ್ಯೆಂದು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಉಡಚಪ್ಪ, "ಎಣ್ಣಿ ತೀರಿತ್ರಿ," ಎಂದನೇ ಹೊರತು ಎದ್ದು ಹೋಗಲಿಲ್ಲ. ಉಳಿದದ್ದು ಬಾಬುಸಾಬನ ಕಂದೀಲು. ಆತ ಅತ್ತಿತ್ತ ನೋಡಿ ಅದರ ಬತ್ತಿಯನ್ನು ಮೆಲ್ಲಗೆ ಇಳಿಸಿದ್ದನ್ನು ನಾನೊಬ್ಬನೇ ಕಂಡೆ.

ಅಮಾವಾಸ್ಯೆಯ ಮುಂದಿನ ಕತ್ತಲೆ ಇಳಿದು ಬಂತು. ಮಗ್ಗುಲಲ್ಲಿ ಕುಳಿತವರ ಮುಖ ಕಾಣದಾಯಿತು. ಆಗ ಓಣಿಯ ಬಾಯಿಯ ಕಡೆಯಿಂದ ಗೋಡೆಗೆ ಕೈ ಉಜ್ಜುತ್ತ ಬರುವ ಸದ್ದು ಕೇಳಿತು. ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಹೆಜ್ಜೆ ಇಡುವುದು.

"ಯಾರವಾ ಅದು?" ಎಂದರು ಸಾಹೇಬರು.

"ನಾನ್ರಿ, ಸಣ್ಣವ್ವ."

"ಯಾಕ ನಿಂತಿ?"

"ಕಲ್ಲು ಹುಡಕಾಕ ಹತ್ತೇನ್ರಿ."

"ಯಾವ ಕಲ್ಲು?"

"ಎಡವೂ ಕಲ್ಲರೀ. ಮೊದಲ ಕಾಲಿಗೆ ಅದು ಸಿಗಬೇಕ್ರಿ. ಸಿಕ್ಕಿತಂದ್ರ ಸುತ್ತು ಹಾಕಿ ಹೋಗತೀನ್ರಿ. ಸಿಗಲಿಲ್ಲಂದ್ರ ಅಂಜಿಕಿ." ಸ್ವಲ್ಪ ಹೊತ್ತಿನ ಮೇಲೆ, "ಹಾಂ, ಸಿಕ್ಕಿತ್ರಿ," ಎಂದಳು. ಹೆಜ್ಜೆಗಳು ನಮ್ಮ ಮುಂದೆ ಹಾದು ಹೋದವು. ಅವಳು ಕಾಣಲೇ ಇಲ್ಲ.

"ಬಸುರಿ ಹೆಂಗಸರೀ," ಎಂದಳು ನೀಲವ್ವ. ಅಷ್ಟೇ ಅಂದಳು.

ಸಾಹೇಬರು ಎದ್ದರು. ಕಟ್ಟೆಯ ಕೆಳಗೆ ಕಾಲು ಬಿಟ್ಟು ಮೆಟ್ಟು ಹುಡುಕಿದರು, ಸಿಗಲಿಲ್ಲ. ಪ್ರಭುಲಿಂಗಪ್ಪ ಬಗ್ಗಿ ತಡಕಾಡಿದ. ಉಡಚಪ್ಪ ತಡಕಾಡಿ ಪ್ರಭುಲಿಂಗಪ್ಪನ ಕೈ ಹಿಡಿದ. "ನನ್ನ ಕೈ ಅದು, ಬಿಡೋ," ಎಂದ ಪ್ರಭುಲಿಂಗಪ್ಪ. ಕೊನೆಗೆ ಸಾಹೇಬರ ಒಂದು ಕಾಲಿಗೆ ಅವರ ಮೆಟ್ಟು ಸಿಕ್ಕಿತು. ಇನ್ನೊಂದು ಕಾಲಿಗೆ ಸಿಕ್ಕದ್ದು ಯಾರದೋ.

"ಸಾಕು," ಎಂದರು ಸಾಹೇಬರು. ಧ್ವನಿಯಲ್ಲಿ ನಗೆ ಇತ್ತು. "ನಿಮ್ಮ ಕತ್ತಲಿ ನೋಡಿದೆ. ಬಾಬುಸಾಬ, ಇನ್ನರ ಆ ಬತ್ತಿ ಏರಸು ಮಾರಾಯಾ. ಮನೀ ಮುಟ್ಟಬೇಕು."

ವೈಶಾಖದಲ್ಲಿ ಕಂಬ ಬಂತು. ಕಲ್ಲಿಗೆ ಮೂರು ಮಾರು ಈಚೆ, ನಮ್ಮ ಮಾಡದ ಎದುರಿಗೆ ಹುಗಿದರು. ಕುಂಬಾರ ಓಣಿಯವರು ನಮ್ಮೊಡನೆ ಮಾತು ಬಿಟ್ಟರು; ಮರುವರ್ಷ ಅವರಿಗೂ ಒಂದು ಕಂಬ ಬಂದ ಮೇಲೆ ಸರಿಹೋಯಿತು. ಮೊದಲ ಸಂಜೆ ನಮ್ಮ ಹೆಣ್ಣುಮಕ್ಕಳು ಕಂಬಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಬುಡಕ್ಕೆ ಕಾಯಿ ಒಡೆದರು. ಬಾಬುಸಾಬ ತಂದ ಏಣಿಗೂ ಕುಂಕುಮ ಹಚ್ಚಿದರು.

"ನೀಲವ್ವಕ್ಕಾ, ಏಣಿಗೂ ಹಚ್ಚೀರಿ. ಇನ್ನ ನಾ ಒಬ್ಬವನ ಉಳದೇನಿ," ಎಂದ ಬಾಬುಸಾಬ.

"ನಿನ್ನ ಹಣಿಮ್ಯಾಲ ಬರೇ ಚಿಮಣಿ ಎಣ್ಣಿ ಐತಿ. ಹಚ್ಚಿದ್ರ ನಿಲ್ಲೂದಿಲ್ಲ. ಏರು."

ಆತ ಏರಿ ದೀಪ ಹಚ್ಚಿದ. ಗಾಜಿನೊಳಗೆ ಜ್ಯೋತಿ ನಿಂತೊಡನೆ ಕೆಳಗೆ ನಿಂತವರೆಲ್ಲ ಕೈ ಮುಗಿದರು. ಬಾಬುಸಾಬ ಮೇಲಿನಿಂದ ನೋಡಿ, ತನಗೇ ಮುಗಿದರೆಂದು ತಿಳಿದವನಂತೆ ನಾಚಿ, "ಇರಲಿ, ಇರಲಿ," ಎಂದ.

ಅಂದಿನಿಂದ ಕಲ್ಲು ಚೆನ್ನಾಗಿ ಕಾಣುತ್ತಿತ್ತು. ನಾನು ಬಯಸಿದ ಹಾಗೆಯೇ ಆಯಿತು. ಮಾಡದ ಮಾತನ್ನು ಯಾರೂ ಎತ್ತಲಿಲ್ಲ. ಸಣ್ಣವ್ವ ದಿನವೂ ಕಂಬದ ಬೆಳಕಿನಲ್ಲಿ ಬಂದು, ಕಲ್ಲನ್ನು ಸುತ್ತಿ, ಸುಮ್ಮನೆ ಹೋಗುತ್ತಿದ್ದಳು. ಕಂಬಕ್ಕೆ ಏನೆಂದು ಹೇಳುತ್ತಾಳೆ? ನಾನು ಕಟ್ಟೆಯ ಮೇಲೆ ಕುಳಿತಿದ್ದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಇನ್ನಷ್ಟು ಮೆಲ್ಲಗೆ ನಡೆಯುತ್ತಿದ್ದಳು. ಅವಳು ಹೋದದ್ದು ಕೆಲವು ದಿನ ನನಗೆ ತಿಳಿಯುತ್ತಲೇ ಇರಲಿಲ್ಲ. ಅಗಳಿ ಯಾವಾಗ ಹಾಕಬೇಕೆಂದು ಕಳಕವ್ವ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು.

ಶುಕ್ಲಪಕ್ಷ ಬಂದಾಗ ಬಾಬುಸಾಬ ಬರುವುದನ್ನು ನಿಲ್ಲಿಸಿದ. ಪೇಟೆಯಲ್ಲಿ ಸಿಕ್ಕಾಗ ಕೇಳಿದೆ.

"ಬೆಳದಿಂಗಳಿದ್ದಾಗ ಎಣ್ಣಿ ಕೊಡೂದಿಲ್ರಿ ಕಾಕಾ," ಎಂದ. "ಚಂದ್ರಾಮ ಇರೂ ದಿವಸ ಕಂಬದ ದೀಪ ಎದಕ್ಕ ಅಂತ ಕಾಯ್ದೇನ ಐತಿ. ಹುಣ್ಣಿವಿ ಕಳದು ಕತ್ತಲಿ ಬಿತ್ತಂದ್ರ ಮತ್ತ ಬರತೀನ್ರಿ."

ಕಾಯ್ದೆಯಲ್ಲಿ ತಪ್ಪೇನೂ ಕಾಣಲಿಲ್ಲ. ಬೇಸಗೆಯ ಬೆಳದಿಂಗಳು ಹಾಲು ಚೆಲ್ಲಿದ ಹಾಗಿರುತ್ತದೆ; ಕಲ್ಲಿನ ನೆರಳು ಸಹ ಕಾಣುತ್ತಿತ್ತು.

ಕಾರಹುಣ್ಣಿಮೆಯ ಮುನ್ನಾದಿನ. ಮಗ ಈಶಪ್ಪ ಎತ್ತುಗಳಿಗೆ ಹೊಸ ಹಗ್ಗ, ಗೊಂಡೆ ತರಲು ರೋಣದ ಪೇಟೆಗೆ ಹೋದವನು ಆ ರಾತ್ರಿ ಅಲ್ಲೇ ಉಳಿಯುವವನಿದ್ದ. ಮಧ್ಯಾಹ್ನ ಮುಶಿಗೇರಿಯ ಕಡೆಯಿಂದ ಎದ್ದ ಮೋಡ ಸಂಜೆಗೆ ಊರ ಮೇಲೆಲ್ಲ ಕವಿಯಿತು. ಮಳೆ ಬರಲಿಲ್ಲ. ತಣ್ಣಗಿನ ಗಾಳಿ ಮಾತ್ರ ಎರೆಮಣ್ಣಿನ ವಾಸನೆ ಹೊತ್ತು ಬೀಸುತ್ತಿತ್ತು. ಪೂಜೆ ಮುಗಿಸಿ ಕಟ್ಟೆಗೆ ಬಂದೆ. ಪಂಚಾಂಗದಲ್ಲಿ ಬೆಳದಿಂಗಳು, ಓಣಿಯಲ್ಲಿ ಕತ್ತಲೆ. ಕಂಬ ಎಲ್ಲಿದೆ ಎಂಬುದೂ ಕಾಣುತ್ತಿರಲಿಲ್ಲ.

ಎದುರುಮನೆಯ ಕಟ್ಟೆಯಿಂದ ನೀಲವ್ವನ ಧ್ವನಿ ಬಂತು. "ಅಣ್ಣಾರ, ಇನ್ನ ಚಂದ್ರಾಮಗೂ ಒಂದು ಅರ್ಜಿ ಬರೀರಿ."

"ಬರಿಯೂಣಂತ. ಸಣ್ಣವ್ವ ಬಂದಳೇನು?"

"ಎಲ್ಲಿದು? ಬಿತ್ತಿಗಿ ಹೆಸರಕಾಳು ಹಸನ ಮಾಡೂದೈತಿ, ತಡಾ ಆಕ್ಕೈತಿ ಅಂತ ಮುಂಜಾನಿ ಹೇಳಿ ಹೋದಳು. ಏಳು ತಿಂಗಳಾತು ಈಗ. ಬಗ್ಗಿದ್ರ ತನ್ನ ಕಾಲು ತನಗ ಕಾಣೂದಿಲ್ಲ."

ನಾನು ಕಣ್ಣು ಮುಚ್ಚಿ ಲಿಂಗವನ್ನು ನೆನೆದೆ. ನೆನೆದರೆ ಕಿವಿಗೆ ಬಂದದ್ದು ಗೋಡೆಗೆ ಕೈ ಉಜ್ಜುವ ಸದ್ದು. ಬಾಬುಸಾಬನ ಮನೆ ಊರ ಆ ತುದಿಗೆ. ಹೋಗಿ ಕರೆತರುವಷ್ಟು ಹೊತ್ತಿಲ್ಲ. ಕರೆತಂದರೂ ಎಣ್ಣೆ ಬೀಗದೊಳಗಿದೆ. ಕುಳಿತಲ್ಲಿಂದ ಕೈ ಚಾಚಿದರೆ ಮಾಡ ಸಿಗುತ್ತಿತ್ತು.

ಎದ್ದು ಒಳಗೆ ಹೋದೆ. ಕಳಕವ್ವ ರೊಟ್ಟಿ ಬಡಿಯುತ್ತಿದ್ದಳು.

"ನಿಮ್ಮತ್ತಿ ಪಣತಿ ಎಲ್ಲಿಟ್ಟೀಯವಾ?"

ಅವಳ ಕೈ ನಿಂತಿತು. "ಬ್ಯಾರೆ ಎಲ್ಲೂ ಇಟ್ಟಿಲ್ರಿ ಮಾವಾರ. ಮಾಡದಾಗ ಐತಿ. ಒಳಗ ಸರಿಸೇನ್ರಿ ಅಷ್ಟ, ಬೀಳಬಾರದಂತ."

"ಬತ್ತಿ?"

"ಐತ್ರಿ. ಎಣ್ಣಿನೂ ಐತಿ. ಸೋಮವಾರಕ್ಕೊಮ್ಮೆ ತಿಕ್ಕಿ ಇಡತೀನ್ರಿ." ಆಮೇಲೆ, "ಹಚ್ಚಬ್ಯಾಡ ಅಂದಿದ್ರಿ. ತಿಕ್ಕಬ್ಯಾಡ ಅಂದಿರಲಿಲ್ಲ," ಎಂದಳು.

ನಾನು ಮಾಡದಿಂದ ಹಣತೆಯನ್ನು ತೆಗೆದುಕೊಂಡು ದೇವರ ಮುಂದೆ ತಂದೆ. ತಳದಲ್ಲಿ ಸಿದ್ದವ್ವನ ಕಾಲದ ಎಣ್ಣೆಯ ಕರೆ, ತಿಕ್ಕಿದರೂ ಹೋಗದೆ, ಹಾಗೆಯೇ ಇತ್ತು. ದೇವರ ದೀಪದಿಂದ ಅದನ್ನು ಹಚ್ಚಿದೆ. ಹೊರಗೆ ಕಾಲಿಟ್ಟೊಡನೆ ಗಾಳಿಗೆ ಹೋಯಿತು. ತಿರುಗಿ ಬಂದು ಮತ್ತೆ ಹಚ್ಚಿದೆ. ನನಗೆ ಸೆರಗೆಲ್ಲಿಂದ ಬರಬೇಕು? ಹೆಗಲ ಮೇಲಿನ ಶಲ್ಯ ಮರೆ ಹಿಡಿದೆ. ಎಣ್ಣೆ ತುಳುಕಿ ಬೆರಳ ಮೇಲೆ ಹರಿಯಿತು. ಇಷ್ಟು ವರ್ಷ ದಿನವೂ ಅವಳು ಇದನ್ನು ಮಾಡುವುದನ್ನು ಕುಳಿತು ನೋಡಿದ್ದೆ; ಇಷ್ಟು ಕಷ್ಟದ ಕೆಲಸವೆಂದು ತಿಳಿದಿರಲಿಲ್ಲ. ಮಾಡದೊಳಗೆ ಇಟ್ಟು ಶಲ್ಯ ತೆಗೆದೆ. ಜ್ಯೋತಿ ಒಮ್ಮೆ ಬಗ್ಗಿ, ಎದ್ದು ನಿಂತಿತು. ಕಲ್ಲಿನ ಒಂದು ಮಗ್ಗುಲು ಹಳದಿಯಾಗಿ ಕಂಡಿತು.

ಎದುರು ಕಟ್ಟೆಯಿಂದ ನೀಲವ್ವ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ನಾನು ಒಳಗೆ ಬಂದು ಪಡಸಾಲೆಯಲ್ಲಿ ಕುಳಿತೆ. ಹೊರಗೆ ಕೂಡಬೇಕೆನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭಾರವಾದ ಹೆಜ್ಜೆಗಳು ಓಣಿಯಲ್ಲಿ ಬಂದವು. ಗೋಡೆಗೆ ಕೈ ಉಜ್ಜುವ ಸದ್ದು ಅರ್ಧ ದಾರಿಯಲ್ಲೇ ನಿಂತಿತು. ಹೆಜ್ಜೆಗಳು ಮಾಡದ ಮುಂದೆ ಬಂದು ನಿಂತವು. ಎಂದೂ ನಿಲ್ಲದವಳು ಅಂದು ನಿಂತಳು.

"ಬಂದೆನ್ರೀ," ಎಂದಳು. ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ.

ಒಲೆಯ ಮುಂದೆ ಕಳಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಅವಳು ಉತ್ತರ ಕೊಡುವವಳಲ್ಲ ಎಂದು ನನಗೆ ತಿಳಿಯಿತು. ಬಾಗಿಲ ಕಡೆ ತಿರುಗಿ ನಾನೇ ಕೂಗಿದೆ.

"ಹೂಂ. ಕಲ್ಲು ನೋಡಿಕೊಂಡು ಹೋಗವಾ."

"ಕಾಣತೈತ್ರಿ ಅಪ್ಪಾರ," ಎಂದಳು ಸಣ್ಣವ್ವ. ಹೆಜ್ಜೆಗಳು ಕಲ್ಲನ್ನು ಸುತ್ತಿ ಮುಂದೆ ಹೋದವು. ಕಳಕವ್ವ ಎದ್ದು ಹೋಗಿ ಅಗಳಿ ಹಾಕಿದಳು.